ಡುಪ್ಲಿಕೇಟ್ ಮಾಲಿನ ದಾಳಿ: ಅಂಗಡಿಯವನನ್ನು ಉಳಿಸುವುದು ಬಿಲ್ಲು

ಪ್ರಶ್ನೆ: ಉಡುಪಿ ಸಿಟಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಮೊಬೈಲ್ ಮತ್ತು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಕಳೆದ ವಾರ ನಮ್ಮದೇ ಸಾಲಿನ ಒಂದು ಅಂಗಡಿಗೆ ಪೊಲೀಸರು ಕಂಪನಿಯವರ ಜೊತೆ ಬಂದು ಚಾರ್ಜರ್, ಇಯರ್‌ಫೋನ್, ಬ್ಯಾಕ್ ಕವರ್ ಎಲ್ಲ ಗೋಣಿಗೆ ತುಂಬಿಸಿ ಕೊಂಡುಹೋದರು. ನನಗೆ ಮಾಲು ಕೊಡುವುದು ಮಂಗಳೂರಿನಿಂದ ಲೈನ್‌ಗೆ ಬರುವ ವ್ಯಾನಿನವರು. ಅರ್ಧಕ್ಕೆ ಬಿಲ್ ಕೊಡುತ್ತಾರೆ, ಉಳಿದರ್ಧಕ್ಕೆ ಎಸ್ಟಿಮೇಟ್ ಚೀಟಿ. ‘ಇದು ಫಸ್ಟ್ ಕಾಪಿ’ ಎಂದು ಗಿರಾಕಿಗೆ ಹೇಳಿಯೇ ಮಾರುತ್ತೇನೆ, ಮೋಸ ಮಾಡುವುದಿಲ್ಲ. ಇದೂ ತಪ್ಪೇ ಸರ್? ನನ್ನ ಅಂಗಡಿಗೂ ಬಂದರೆ ಏನು ಮಾಡಬೇಕು? ಅಸಲಿ ಯಾವುದು, ಡುಪ್ಲಿಕೇಟ್ ಯಾವುದು ಎಂದು ನಮ್ಮಂಥವರು ಗೊತ್ತುಮಾಡುವುದು ಹೇಗೆ?

ಉತ್ತರ: ಗಿರಾಕಿಗೆ ಹೇಳಿ ಮಾರಿದರೂ ತಪ್ಪೇ. ನೀವು ಗಿರಾಕಿಗೆ ಸುಳ್ಳು ಹೇಳದಿದ್ದರೆ ವಂಚನೆಯ ಆರೋಪದಿಂದ ಪಾರಾಗಬಹುದು, ಅಷ್ಟೇ. ಆದರೆ ಚಾರ್ಜರಿನ ಮೇಲಿರುವ ಹೆಸರು ಬೇರೆಯವರ ಸ್ವತ್ತು. 1999ರ ಟ್ರೇಡ್‌ಮಾರ್ಕ್ ಕಾಯ್ದೆ ಆ ಸ್ವತ್ತನ್ನು ಕಾಯುತ್ತದೆ. ಕದ್ದ ಬೈಕನ್ನು ‘ಇದು ಕದ್ದದ್ದು’ ಎಂದು ಹೇಳಿ ಮಾರಿದರೆ ಕೊಂಡವನಿಗೆ ಮೋಸವಾಗಲಿಲ್ಲ ಎನ್ನಬಹುದು, ಬೈಕಿನ ಯಜಮಾನನಿಗೆ ಆದ ನಷ್ಟ ಎಲ್ಲಿಗೆ ಹೋಯಿತು? ಇನ್ನೂ ಒಂದು ಮಾತು ಗಮನಿಸಿ. ‘ಫಸ್ಟ್ ಕಾಪಿ’ ಎಂದು ನೀವೇ ಹೇಳಿದ್ದನ್ನು ಕಂಪನಿಯವರು ಗಿರಾಕಿಯ ವೇಷದಲ್ಲಿ ಬಂದು ಕೇಳಿಸಿಕೊಂಡಿದ್ದರೆ, ಮಾಲು ನಕಲಿ ಎಂದು ನಿಮಗೆ ಗೊತ್ತಿತ್ತು ಎನ್ನುವುದಕ್ಕೆ ನಿಮ್ಮ ಬಾಯಿಯೇ ಸಾಕ್ಷಿಯಾಗುತ್ತದೆ. ದಾಳಿಗೆ ಮೊದಲು ಒಂದೆರಡು ಪೀಸ್ ಕೊಂಡು, ಬಿಲ್ ಕೇಳಿ, ಫೋಟೊ ತೆಗೆದು ದೂರಿಗೆ ಲಗತ್ತಿಸುವುದು ಅವರ ಸಾಮಾನ್ಯ ಪದ್ಧತಿ.

ಅಂಗಡಿಯಲ್ಲಿರುವ ಅಗ್ಗದ ಮಾಲೆಲ್ಲ ನಕಲಿ ಎಂದೇನೂ ಅಲ್ಲ. ಯಾವುದೋ ಸಣ್ಣ ಕಂಪನಿ ತನ್ನದೇ ಹೆಸರು ಹಾಕಿ, ಪೊಟ್ಟಣದ ಮೇಲೆ ‘ಇಂಥ ಮಾಡೆಲ್ ಫೋನಿಗೆ ಹೊಂದುತ್ತದೆ’ ಎಂದು ಬರೆದು ಮಾರುವ ಕವರ್, ಟೆಂಪರ್ ಗ್ಲಾಸ್, ಡಿಸ್‌ಪ್ಲೇ ಕಾಂಬೋ ಇವೆಲ್ಲ ಕಾನೂನಿನ ಒಳಗೇ ಇವೆ. ಯಾವ ಫೋನಿಗೆ ಹೊಂದುತ್ತದೆ ಎಂದು ತಿಳಿಸಲು ಬೇಕಾದಷ್ಟು ಮಟ್ಟಿಗೆ ದೊಡ್ಡ ಕಂಪನಿಯ ಹೆಸರು ಬಳಸಲು ಅದೇ ಕಾಯ್ದೆಯ 30ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಕವರಿನ ಬೆನ್ನಿಗೆ ಆ ಕಂಪನಿಯ ಲೋಗೊ ಒತ್ತಿದ ಕೂಡಲೇ ಅದು ನಕಲಿ ಮಾಲು. ನಿಮ್ಮ ಪಕ್ಕದ ಅಂಗಡಿಯಿಂದ ಕವರುಗಳೂ ಗೋಣಿ ಸೇರಿದ್ದು ಬಹುಶಃ ಈ ಕಾರಣಕ್ಕೇ. ಇಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ಕಿಗೆ ಇಷ್ಟೆಲ್ಲ ಯಾಕೆ ಎಂದು ನಿಮಗನಿಸಬಹುದು, ಆದರೆ ಲೋಗೊ ಇದ್ದ ಮೇಲೆ ಬೆಲೆ ಎಷ್ಟೆಂದು ಕಾನೂನು ನೋಡುವುದಿಲ್ಲ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಬಗೆಯ ಮಾಲೂ ಇದೆ, ಗಲ್ಫ್‌ನಿಂದ ಬಂದವರು ತಂದುಕೊಟ್ಟದ್ದು. ಕಸ್ಟಮ್ಸ್‌ನವರಿಗೆ ನಕಲಿ ಮಾಲನ್ನು ತಡೆಹಿಡಿಯುವ ಅಧಿಕಾರ 2007ರ ನಿಯಮಗಳಿಂದ ಬಂದಿದೆ. ಪಣಂಬೂರಿನ ಬಂದರಿಗೂ ಬಜ್ಪೆಯ ವಿಮಾನ ನಿಲ್ದಾಣಕ್ಕೂ ಅದೇ ನಿಯಮ. ಸ್ವಂತ ಬಳಕೆಗೆ ಬ್ಯಾಗಿನಲ್ಲಿ ತಂದದ್ದಕ್ಕೆ ವಿನಾಯಿತಿ ಇದೆ. ಮೂವತ್ತು ವಾಚು ತಂದು ನಿಮ್ಮ ಅಂಗಡಿಯಲ್ಲಿಟ್ಟರೆ ಅದು ಸ್ವಂತ ಬಳಕೆ ಆಗುವುದಿಲ್ಲ. ಮಾಲು ಅಸಲಿಯೇ ಆಗಿದ್ದರೂ ಸುಂಕ ಕಟ್ಟಿದ ಕಾಗದ ಬೇಕು, ಪೊಟ್ಟಣದ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರಬೇಕು. ಇಲ್ಲದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬೇರೆ ಕೇಸು ಹಾಕುತ್ತಾರೆ.

ಈಗ ನಿಮಗೆ ಮುಖ್ಯವಾದ ಕಲಂ. ಟ್ರೇಡ್‌ಮಾರ್ಕ್ ಕಾಯ್ದೆಯ 103ನೇ ಕಲಂ ನಕಲಿ ಗುರುತು ಹಾಕುವವನಿಗೆ, 104ನೆಯದು ಅಂಥ ಮಾಲು ಮಾರುವವನಿಗೆ. ಶಿಕ್ಷೆ ಇಬ್ಬರಿಗೂ ಒಂದೇ: 6 ತಿಂಗಳಿನಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಮಾರಿದ್ದೇ ಆಗಬೇಕೆಂದಿಲ್ಲ, ಮಾರಾಟಕ್ಕೆಂದು ಶೋಕೇಸಿನಲ್ಲಿ ಅಥವಾ ಅಟ್ಟದ ಮೇಲೆ ಇಟ್ಟಿದ್ದರೂ ಸಾಕು. ಆದರೆ 104ನೇ ಕಲಂ ಮಾರುವವನಿಗೆ ಒಂದು ಬಾಗಿಲು ತೆರೆದಿಟ್ಟಿದೆ. ಆತ ಎಚ್ಚರಿಕೆ ವಹಿಸಬೇಕಾದಷ್ಟು ವಹಿಸಿದ್ದ, ಮಾಲಿನ ಅಸಲಿತನದ ಬಗ್ಗೆ ಸಂಶಯಪಡಲು ಕಾರಣ ಇರಲಿಲ್ಲ ಎಂದು ತೋರಿಸಿದರೆ ಅಪರಾಧವಲ್ಲ. ಕೇಳಿದಾಗ, ಮಾಲು ಯಾರಿಂದ ಬಂತು ಎಂಬುದರ ಬಗ್ಗೆ ತನಗೆ ಗೊತ್ತಿದ್ದುದನ್ನೆಲ್ಲ ಕೊಟ್ಟಿದ್ದರೂ, ಬೇರೆ ರೀತಿಯಲ್ಲಿ ನಿರ್ದೋಷಿಯಾಗಿ ನಡೆದುಕೊಂಡಿದ್ದರೂ ರಕ್ಷಣೆ ಇದೆ. ಇದನ್ನು ತೋರಿಸಬೇಕಾದವರು ನೀವು, ಪೊಲೀಸರಲ್ಲ. ‘ನನಗೆ ಗೊತ್ತಿರಲಿಲ್ಲ’ ಎಂಬ ಬಾಯಿಮಾತಿಗೆ ನ್ಯಾಯಾಲಯದಲ್ಲಿ ತೂಕ ಕಡಿಮೆ. ಬಿಲ್ಲಿಗೆ ತೂಕ ಹೆಚ್ಚು.

ಆದ್ದರಿಂದ ಆ ಎಸ್ಟಿಮೇಟ್ ಚೀಟಿಯನ್ನು ಇವತ್ತೇ ನಿಲ್ಲಿಸಿ. ಅದರಲ್ಲಿ ಕೊಟ್ಟವನ ಹೆಸರಿಲ್ಲ, ಜಿಎಸ್‌ಟಿ ಸಂಖ್ಯೆ ಇಲ್ಲ. ‘ಚಾರ್ಜರ್ 40, ಹೆಡ್‌ಸೆಟ್ 60’ ಎಂದು ಪೆನ್ನಿನಲ್ಲಿ ಗೀಚಿದ್ದು ಮಾತ್ರ ಇರುತ್ತದೆ. ದಾಳಿಯ ದಿನ ಅದನ್ನು ತೋರಿಸಿದರೆ, ಕದ್ದುಮುಚ್ಚಿ ಕೊಂಡಿದ್ದೀರಿ ಎಂಬುದಕ್ಕೆ ಪುರಾವೆ ಕೊಟ್ಟ ಹಾಗಾಗುತ್ತದೆ. ಬೇಕಾದದ್ದು ತೆರಿಗೆ ಬಿಲ್, ಅದರಲ್ಲೂ ‘ಮೊಬೈಲ್ ಆಕ್ಸೆಸರೀಸ್ 200 ನಗ’ ಎಂದು ಒಟ್ಟಾರೆ ಬರೆದದ್ದಲ್ಲ. ಬ್ರ್ಯಾಂಡ್, ಮಾಡೆಲ್, ಸಂಖ್ಯೆ, ದರ ಸಾಲುಸಾಲಾಗಿ ಇರಬೇಕು. ಚಾರ್ಜರಿಗೆ ಎಚ್‌ಎಸ್‌ಎನ್ (ಯಾವ ಬಗೆಯ ಸರಕು ಎಂದು ತಿಳಿಸುವ ಕೋಡ್) 8504, ಇಯರ್‌ಫೋನಿಗೆ 8518. ಬಿಲ್ಲಿನಲ್ಲಿ ಎಲ್ಲಕ್ಕೂ ಒಂದೇ ಕೋಡ್ ಇದ್ದರೆ ಬಿಲ್ ಬರೆದವನು ಮಾಲು ನೋಡದೆ ಬರೆದಿದ್ದಾನೆ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು, ಕೇರಳದ್ದಾದರೆ 32ರಿಂದ. ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಹುಡುಕಿದರೆ ವ್ಯಾಪಾರಿಯ ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. ಲಾಗಿನ್ ಬೇಡ, ಒಂದು ನಿಮಿಷದ ಕೆಲಸ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಬಿಲ್ಲಿನ ಜೊತೆ ಇಡಿ. ‘ಎಚ್ಚರಿಕೆ ವಹಿಸಿದ್ದೆ’ ಎಂದು ನಾಳೆ ತೋರಿಸಬೇಕಾದಾಗ ಈ ಒಂದು ಹಾಳೆ ಕೆಲಸಕ್ಕೆ ಬರುತ್ತದೆ. ದುಡ್ಡನ್ನು ಯುಪಿಐಯಲ್ಲೋ ಬ್ಯಾಂಕಿನಲ್ಲೋ ಕೊಡಿ, ಅದೂ ಬಿಲ್ಲಿನಲ್ಲಿರುವ ಸಂಸ್ಥೆಯ ಖಾತೆಗೇ ಕೊಡಿ, ವ್ಯಾನ್ ಓಡಿಸುವವನ ಸ್ವಂತ ನಂಬರಿಗೆ ಬೇಡ.

ದರವೂ ಸಾಕ್ಷಿ ಹೇಳುತ್ತದೆ. ಕಂಪನಿಯ ಶೋರೂಮಿನಲ್ಲಿ ಸಾವಿರದ ಐನೂರಕ್ಕೆ ಸಿಗುವ ಚಾರ್ಜರ್ ನಿಮಗೆ ನೂರ ಇಪ್ಪತ್ತಕ್ಕೆ ಬಂದಿದ್ದರೆ, ‘ಸಂಶಯಪಡಲು ಕಾರಣ ಇರಲಿಲ್ಲ’ ಎನ್ನುವುದನ್ನು ಯಾವ ನ್ಯಾಯಾಧೀಶರೂ ಒಪ್ಪುವುದು ಕಷ್ಟ. ಅಂಥ ದರಕ್ಕೆ ಪಕ್ಕಾ ಬಿಲ್ ಇದ್ದರೂ ಅಷ್ಟೇ.

ದಾಳಿಗೆ ಯಾರು ಬರಬಹುದು ಎಂಬುದಕ್ಕೆ ಲೆಕ್ಕ ಇದೆ. ಟ್ರೇಡ್‌ಮಾರ್ಕ್ ಕಾಯ್ದೆಯ 115ನೇ ಕಲಂ ಪ್ರಕಾರ ವಾರಂಟ್ ಇಲ್ಲದೆ ಶೋಧಿಸಿ ಜಪ್ತಿ ಮಾಡಲು ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರಿಗೆ ಅಧಿಕಾರವಿಲ್ಲ. ಉಡುಪಿಯಲ್ಲಿ ಅದು ಡಿವೈಎಸ್ಪಿ, ಕಮಿಷನರೇಟ್ ಇರುವ ಮಂಗಳೂರು ನಗರದಲ್ಲಿ ಎಸಿಪಿ. ಅವರೂ ಶೋಧಕ್ಕೆ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆದಿರಬೇಕು, ಅದರಂತೆ ನಡೆಯಬೇಕು. ಕರ್ನಾಟಕ ಬರುವುದು ಚೆನ್ನೈ ಕಚೇರಿಯ ವ್ಯಾಪ್ತಿಗೆ. ಈ ಹೆಜ್ಜೆಗೆ ಸಮಯ ಹಿಡಿಯುವುದರಿಂದ ಕಂಪನಿಯವರು ಬಹಳ ಸಲ ಬೇರೆ ದಾರಿ ಹಿಡಿಯುತ್ತಾರೆ. ಲೋಗೊ, ಪೊಟ್ಟಣದ ಚಿತ್ರವಿನ್ಯಾಸ ತಮ್ಮ ಕಲಾಕೃತಿ ಎಂದು 1957ರ ಕಾಪಿರೈಟ್ ಕಾಯ್ದೆಯ 63ನೇ ಕಲಂ ಅಡಿ ದೂರು ಕೊಡುತ್ತಾರೆ. ಅಲ್ಲಿ ಎಸ್‌ಐ ಒಬ್ಬರೇ 64ನೇ ಕಲಂ ಅಡಿ ಜಪ್ತಿ ಮಾಡಬಹುದು, ರಿಜಿಸ್ಟ್ರಾರ್ ಅಭಿಪ್ರಾಯ ಬೇಡ. 63ನೇ ಕಲಂ ಜಾಮೀನುರಹಿತ, ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿಟ್ ಪ್ರೋ ಪ್ರಕರಣದಲ್ಲಿ ಹೇಳಿದ ಮೇಲೆ ಈ ದಾರಿಗೆ ಇನ್ನಷ್ಟು ಬಲ ಬಂದಿದೆ. ಆದರೆ ಅಲ್ಲಿ ‘ಗೊತ್ತಿದ್ದೂ’ ಮಾಡಿದ್ದಾಗಿರಬೇಕು. ಹಾಗಾಗಿ ಬಂದವರನ್ನು ಮೊದಲು ಕೇಳಬೇಕಾದದ್ದು: ಯಾವ ಕಾಯ್ದೆ, ಯಾವ ಕಲಂ, ಎಫ್‌ಐಆರ್ ನಂಬರ್ ಎಷ್ಟು? ಮರ್ಯಾದೆಯಿಂದ ಕೇಳಿ, ಬರೆದಿಟ್ಟುಕೊಳ್ಳಿ. ಕಂಪನಿಯವರು ಎಂದುಕೊಂಡು ಬಂದವರ ಹತ್ತಿರ ಅಧಿಕಾರಪತ್ರ ಇರುತ್ತದೆ, ಅದರ ಫೋಟೊ ತೆಗೆದುಕೊಳ್ಳಿ. ಪೊಲೀಸರೇ ಇಲ್ಲದೆ ಕಂಪನಿಯವರಷ್ಟೇ ಬಂದರೆ ಅವರಿಗೆ ನಿಮ್ಮ ಕಪಾಟು ತೆರೆಯುವ ಹಕ್ಕಿಲ್ಲ. ಬಲವಂತ ಮಾಡಿದರೆ 112ಕ್ಕೆ ಫೋನ್ ಮಾಡಿ.

ಇನ್ನು ಮಹಜರು. ಅಂಗಡಿಯವರು ಹೆಚ್ಚು ಎಡವುವುದು ಇಲ್ಲಿ. ಗಾಬರಿಯಲ್ಲಿ ಒಬ್ಬರು ಹಿಂಬದಿಯಿಂದ ಮಾಲು ಸಾಗಿಸಲು ನೋಡುತ್ತಾರೆ, ಇನ್ನೊಬ್ಬರು ಓದದೆ ಸಹಿ ಹಾಕುತ್ತಾರೆ. ಎರಡೂ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿ, ಪಟ್ಟಿ ಮಾಡುವುದು, ಸಹಿ ಹಾಕುವುದು ಎಲ್ಲವೂ ವಿಡಿಯೊ ಆಗಬೇಕು, ಮೊಬೈಲಿನಲ್ಲಾದರೂ. ಊರಿನ ಇಬ್ಬರು ಪಂಚರಿರಬೇಕು. ನೀವು ಅಲ್ಲೇ ನಿಂತು ನೋಡಬಹುದು, ಪಟ್ಟಿಯ ಪ್ರತಿ ಕೇಳಿ ಪಡೆಯಬಹುದು. ಪಟ್ಟಿಯಲ್ಲಿ ‘ಒಂದು ಗೋಣಿ ಚಾರ್ಜರ್’ ಎಂದಿದ್ದರೆ ಸಹಿಗೆ ಮೊದಲು ಬಾಯಿ ಬಿಡಿ. ಯಾವ ಬ್ರ್ಯಾಂಡ್, ಯಾವ ಮಾಡೆಲ್, ಎಷ್ಟು ಪೀಸ್ ಎಂದು ಎಣಿಸಿ ಬರೆಸಿ. ಅದೇ ಗೋಣಿಗೆ ನಿಮ್ಮ ಪಕ್ಕಾ ಬಿಲ್ಲಿನ ಅಸಲಿ ಮಾಲೂ ಹೋಗಿರುತ್ತದೆ. ಎಣಿಕೆ ಇಲ್ಲದಿದ್ದರೆ ಅದನ್ನು ಮುಂದೆ ಬೇರ್ಪಡಿಸಿ ಕೇಳುವುದು ಆಗದ ಮಾತು. ಅಸಲಿ ಎಂದು ನಿಮಗೆ ಗೊತ್ತಿರುವುದರ ಬಿಲ್ಲನ್ನು ಆಗಲೇ ತೋರಿಸಿ, ತೋರಿಸಿದ್ದನ್ನು ಮಹಜರಿನಲ್ಲಿ ಸೇರಿಸಲು ಹೇಳಿ. ಸೇರಿಸದಿದ್ದರೆ ಸಹಿಯ ಕೆಳಗೆ ನಿಮ್ಮ ಕೈಬರಹದಲ್ಲಿ ಒಂದು ಸಾಲು ಬರೆಯಿರಿ. ಮಾಲು ಕೊಟ್ಟವನ ಹೆಸರು, ಫೋನ್ ನಂಬರ್, ಬಿಲ್ಲಿನ ಪ್ರತಿಗಳನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಪಾಪ, ಲೈನ್‌ಗೆ ಬರುವವನ ಹೆಸರು ಯಾಕೆ ಹೇಳುವುದು’ ಎಂದು ಮುಚ್ಚಿಟ್ಟರೆ 104ನೇ ಕಲಂ ತೆರೆದಿಟ್ಟ ಬಾಗಿಲನ್ನು ನೀವೇ ಮುಚ್ಚಿಕೊಂಡಂತೆ.

ಬಂಧನ ಆಗಿಯೇ ಆಗುತ್ತದೆ ಎಂದು ಹೆದರಬೇಡಿ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಬಂಧನದ ಅಗತ್ಯ ಕಾಣದಿದ್ದರೆ ಸಂಹಿತೆಯ 35ನೇ ಕಲಂ ಅಡಿ ಹಾಜರಾಗಲು ನೋಟಿಸ್ ಕೊಡುತ್ತಾರೆ. ನೋಟಿಸ್ ಬಂದರೆ ಹೇಳಿದ ದಿನ ಹೋಗಿ. ಹೋಗದಿರುವುದೇ ಮುಂದೆ ಬಂಧನಕ್ಕೆ ಕಾರಣವಾಗುತ್ತದೆ.

ಇಂಥ ಸಂದರ್ಭದಲ್ಲಿ ‘ಇಲ್ಲೇ ಮುಗಿಸಿಬಿಡೋಣ’ ಎಂಬ ಮಾತು ಯಾರ ಬಾಯಿಂದಲಾದರೂ ಬರಬಹುದು. ರಸೀದಿ ಇಲ್ಲದೆ ಕೈಗೆ ಕೊಟ್ಟ ದುಡ್ಡಿನಿಂದ ಎಫ್‌ಐಆರ್ ಮುಗಿಯುವುದಿಲ್ಲ. ಈ ಅಪರಾಧಗಳನ್ನು ರಾಜಿ ಮಾಡಿಕೊಳ್ಳಲು ಈ ಕಾಯ್ದೆಗಳಲ್ಲಿ ಅವಕಾಶವಿಲ್ಲ. ಕಂಪನಿಯೊಡನೆ ನಿಜವಾಗಿ ಇತ್ಯರ್ಥ ಆಗಬೇಕಿದ್ದರೆ ಅದು ಬರವಣಿಗೆಯಲ್ಲಿ ಆಗಬೇಕು, ದುಡ್ಡು ಬ್ಯಾಂಕ್ ಮೂಲಕ ಕಂಪನಿಯ ಖಾತೆಗೇ ಹೋಗಬೇಕು, ಆಮೇಲೆ ವಕೀಲರ ಮೂಲಕ ಹೈಕೋರ್ಟಿನಲ್ಲಿ ಪ್ರಕರಣ ರದ್ದು ಮಾಡಲು ಕೇಳಿಕೊಳ್ಳಬೇಕು. ಇದಕ್ಕಿಂತ ಹತ್ತಿರದ ದಾರಿ ಇದೆ ಎನ್ನುವವರನ್ನು ನಂಬಬೇಡಿ.

15 ದಿನ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜಪ್ತಿಯಾದ 15 ದಿನದೊಳಗೆ ಮಾಲು ವಾಪಸ್ ಕೊಡಿಸುವಂತೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಲು ಟ್ರೇಡ್‌ಮಾರ್ಕ್ ಕಾಯ್ದೆಯೂ ಕಾಪಿರೈಟ್ ಕಾಯ್ದೆಯೂ ಅವಕಾಶ ಕೊಟ್ಟಿವೆ. ಮಹಜರಿನಲ್ಲಿ ಎಣಿಸಿ ಬರೆಸಿದ್ದರ ಫಲ ಸಿಗುವುದು ಆಗ. ಅಸಲಿ ಮಾಲಿನ ಬಿಲ್ಲುಗಳನ್ನು ಪಟ್ಟಿಯ ಕ್ರಮಸಂಖ್ಯೆಗೆ ಜೋಡಿಸಿ ವಕೀಲರಿಗೆ ಕೊಡಿ. ಕೆಲವೊಮ್ಮೆ ಪೊಲೀಸರ ಬದಲು ಸಿವಿಲ್ ನ್ಯಾಯಾಲಯ ನೇಮಿಸಿದ ಕಮಿಷನರ್ ಬರುತ್ತಾರೆ, ಸಾಮಾನ್ಯವಾಗಿ ಒಬ್ಬ ವಕೀಲರು. ಅವರ ಹತ್ತಿರ ನ್ಯಾಯಾಲಯದ ಆದೇಶ ಇರುತ್ತದೆ. ಅದರ ಪ್ರತಿ ಪಡೆದು ಓದಿ, ತಡೆಯಬೇಡಿ. ತಡೆದರೆ ನ್ಯಾಯಾಂಗ ನಿಂದನೆಯ ಪ್ರಶ್ನೆ ಬರುತ್ತದೆ.

ಅಸಲಿ ನಕಲಿ ಗುರುತಿಸುವ ಮಾತಿಗೆ ಬರೋಣ. ಕಂಪನಿಯ ಹೆಸರಿಗಿಂತ ಮೊದಲು ನೋಡಬೇಕಾದದ್ದು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು. ಚಾರ್ಜರ್ ಮತ್ತು ಪವರ್ ಬ್ಯಾಂಕಿಗೆ ಬಿಐಎಸ್ ನೋಂದಣಿ ಕಡ್ಡಾಯ. ಗುರುತಿನ ಮೇಲೆ ಐಎಸ್ ಸಂಖ್ಯೆ, ಕೆಳಗೆ ‘ಆರ್’ ಅಕ್ಷರದ ಮುಂದೆ ಎಂಟು ಅಂಕೆ. ನಕಲಿ ಮಾಡುವವರು ಈ ಅಂಕೆಗಳನ್ನೂ ಅಚ್ಚು ಹಾಕುತ್ತಾರೆ. ಆದ್ದರಿಂದ ಗುರುತು ಇದೆ ಎಂದು ಸುಮ್ಮನಾಗದೆ, ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಆರ್ ನಂಬರ್ ಹಾಕಿ ನೋಡಿ. ಯಾವ ಕಾರ್ಖಾನೆಗೆ, ಯಾವ ಬ್ರ್ಯಾಂಡಿಗೆ, ಯಾವ ವಸ್ತುವಿಗೆ ಕೊಟ್ಟ ನಂಬರ್ ಎಂದು ಬರುತ್ತದೆ. ನಿಮ್ಮ ಕೈಯಲ್ಲಿ ಚಾರ್ಜರ್ ಇದ್ದು ಆ್ಯಪಿನಲ್ಲಿ ಎಲ್‌ಇಡಿ ಬಲ್ಬ್ ಎಂದು ಬಂದರೆ, ಅಥವಾ ಬ್ರ್ಯಾಂಡ್ ಬೇರೆ ಇದ್ದರೆ, ಆ ಪೆಟ್ಟಿಗೆಯನ್ನು ವ್ಯಾನಿನಿಂದ ಇಳಿಸಲೇಬೇಡಿ. ವಯರ್, ಸ್ವಿಚ್, ಎಂಸಿಬಿ ಇವುಗಳಿಗೆ ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ನಂಬರ್ ಇರುತ್ತದೆ, ಅದನ್ನೂ ಅದೇ ಆ್ಯಪಿನಲ್ಲಿ ನೋಡಬಹುದು. ಈ ವಿಷಯದಲ್ಲಿ 2016ರ ಬಿಐಎಸ್ ಕಾಯ್ದೆ ಬಿಗಿ. ಕಡ್ಡಾಯ ಗುರುತಿಲ್ಲದ ಮಾಲು ಮಾರಿದರೆ, ಇಟ್ಟುಕೊಂಡರೂ, ಎರಡು ವರ್ಷದವರೆಗೆ ಜೈಲು ಅಥವಾ ಮೊದಲ ಸಲಕ್ಕೆ ಕನಿಷ್ಠ 2 ಲಕ್ಷ ರೂಪಾಯಿ ದಂಡ. ದಂಡ ಮಾಲಿನ ಬೆಲೆಯ ಹತ್ತು ಪಟ್ಟಿನವರೆಗೂ ಏರಬಹುದು.

ವಯರಿಗೆ ಇನ್ನೊಂದು ಪರೀಕ್ಷೆ ಅಂಗಡಿಯಲ್ಲೇ ಆಗುತ್ತದೆ. ತುದಿಯ ಎಳೆಯೊಂದನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಆಮೇಲೆ 1.5 ಚದರ ಮಿ.ಮೀ. ವಯರಿನ 90 ಮೀಟರ್ ಕಾಯಿಲಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ ಓಮ್ ಬರೆದಿಟ್ಟುಕೊಂಡು, ಅದನ್ನು ಕಳೆಯಬೇಕು. ಒಳ್ಳೆಯ ತಾಮ್ರದಲ್ಲಿ 1.1ರಿಂದ 1.2 ಓಮ್ ಆಸುಪಾಸು ಬರುತ್ತದೆ. 1.8ರ ಹತ್ತಿರ ಬಂದರೆ ತಾಮ್ರ ಅಲ್ಲ, ಅಥವಾ ಎಳೆ ಸಣ್ಣದು. ತುಂಬ ಕಡಿಮೆ ಬಂದರೂ ಹಿಗ್ಗಬೇಡಿ, ಕಾಯಿಲ್ 90 ಮೀಟರ್ ಇಲ್ಲದಿರಬಹುದು.

ನಕಲಿ ಚಾರ್ಜರ್ ಯಾಕೆ ಅಪಾಯ ಎಂಬುದನ್ನು ಒಳಗೆ ತೆರೆದು ನೋಡಿದರೆ ತಿಳಿಯುತ್ತದೆ. 230 ವೋಲ್ಟ್ ಇರುವ ಕಡೆಗೂ ಫೋನಿಗೆ ಹೋಗುವ 5 ವೋಲ್ಟಿನ ಕಡೆಗೂ ನಡುವೆ ಬೋರ್ಡಿನ ಮೇಲೆ ಖಾಲಿ ಜಾಗ ಬಿಡಬೇಕು. ಒಳ್ಳೆಯದರಲ್ಲಿ ಅದು ಸಾಮಾನ್ಯವಾಗಿ 5-6 ಮಿ.ಮೀ., ನಕಲಿಯಲ್ಲಿ ಒಂದೆರಡು ಮಿ.ಮೀ. ಇರುವುದೂ ಉಂಟು. ಎರಡು ಬದಿಯನ್ನು ಸೇರಿಸುವ ನೀಲಿ ಬಣ್ಣದ ಸಣ್ಣ ಸುರಕ್ಷಾ ಕೆಪಾಸಿಟರಿನ ಜಾಗದಲ್ಲಿ ಸಾಧಾರಣದ್ದನ್ನು ಹಾಕಿರುತ್ತಾರೆ. ಅದು ಕೆಟ್ಟು ಶಾರ್ಟ್ ಆದರೆ ಮನೆಯ ಕರೆಂಟು ನೇರ ಯುಎಸ್‌ಬಿ ವಯರಿಗೆ ಬರುತ್ತದೆ. ನಮ್ಮಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ, ಕಡಲ ಗಾಳಿಯ ಉಪ್ಪು ಬೇರೆ. ಆ ಒಂದೆರಡು ಮಿ.ಮೀ. ಜಾಗದಲ್ಲಿ ತೇವ ಮತ್ತು ಉಪ್ಪಿನ ಧೂಳು ಕೂತರೆ ಕರೆಂಟಿಗೆ ದಾರಿ ಆಯಿತು. ಚಾರ್ಜಿಗೆ ಇಟ್ಟ ಫೋನನ್ನು ಕಿವಿಗೆ ಹಿಡಿದು ಮಲಗುವ ಮಕ್ಕಳು ಪ್ರತಿ ಮನೆಯಲ್ಲೂ ಇದ್ದಾರೆ. ನಕಲಿ ಮಾಲಿನಿಂದ ಸಾವು ಸಂಭವಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 91ನೇ ಕಲಂ ಅಡಿ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಅದು ಮಾಡುವವನಿಗೆ ಮಾತ್ರ ಅಲ್ಲ, ದಾಸ್ತಾನು ಇಟ್ಟವನಿಗೂ ಮಾರುವವನಿಗೂ ಅನ್ವಯ. ಅದೇ ಕಾಯ್ದೆಯ 86ನೇ ಕಲಂ ಪ್ರಕಾರ, ಮಾಲು ತಯಾರಿಸಿದವನು ಯಾರೆಂದು ಗೊತ್ತಾಗದಿದ್ದರೆ ಪರಿಹಾರದ ಹೊಣೆ ಮಾರಿದವನ ಮೇಲೆ ಬರಬಹುದು. ಎಸ್ಟಿಮೇಟ್ ಚೀಟಿಯ ಮಾಲಿನಲ್ಲಿ ತಯಾರಕನನ್ನು ಎಲ್ಲಿಂದ ಹುಡುಕುತ್ತೀರಿ?

ಈಗ ಕಪಾಟಿನಲ್ಲಿರುವ ಮಾಲು. ನಿಮಗೆ ಇನ್ನೂ ಯಾವ ನೋಟಿಸೂ ಬಂದಿಲ್ಲ ಎಂದುಕೊಂಡು ಹೇಳುವುದಾದರೆ, ಸಂಶಯದ ಮಾಲನ್ನು ಮಾರಾಟದಿಂದ ತೆಗೆದು ಬೇರೆ ಪೆಟ್ಟಿಗೆಗೆ ಹಾಕಿ. ಬಿಲ್ ಇದ್ದದ್ದನ್ನು ‘ಅಸಲಿತನದ ಬಗ್ಗೆ ಸಂಶಯ ಇರುವುದರಿಂದ ಹಿಂದಿರುಗಿಸುತ್ತಿದ್ದೇನೆ’ ಎಂದು ಬರೆದು, ಡೆಬಿಟ್ ನೋಟ್ ಜೊತೆ ಕೊಟ್ಟವನಿಗೇ ಕಳಿಸಿ. ಲೋಗೊ ಸ್ಟಿಕ್ಕರ್ ಕಿತ್ತು ಮಾರುವ ಉಪಾಯ ಬೇಡ, ಒಳಗಿನ ಅಪಾಯ ಹಾಗೇ ಉಳಿಯುತ್ತದೆ. ಅವನು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಫೋಟೊ ತೆಗೆದು, ವಯರ್ ಕತ್ತರಿಸಿ ಕೆಲಸಕ್ಕೆ ಬಾರದಂತೆ ಮಾಡಿ, ಪರವಾನಗಿ ಇರುವ ಇ-ತ್ಯಾಜ್ಯದವರಿಗೆ ಕೊಟ್ಟು ರಸೀದಿ ಪಡೆಯಿರಿ. ನಾಶ ಮಾಡಿದ ಮಾಲಿನ ಮೇಲೆ ಪಡೆದ ತೆರಿಗೆ ಕ್ರೆಡಿಟ್ ವಾಪಸ್ ಮಾಡಬೇಕು ಎಂದು ನಿಮ್ಮ ಲೆಕ್ಕ ನೋಡುವವರಿಗೆ ತಿಳಿಸಿ. ನೋಟಿಸ್ ಬಂದ ಮೇಲೆ ಮಾತ್ರ ಒಂದು ಪೀಸನ್ನೂ ಅಲುಗಿಸಬೇಡಿ, ಅದು ಸಾಕ್ಷ್ಯನಾಶವಾಗುತ್ತದೆ.

ನೀವು ಕೇಳಿಲ್ಲ, ಆದರೂ ಮೊಬೈಲ್ ಅಂಗಡಿ ಎಂದ ಮೇಲೆ ಹೇಳಲೇಬೇಕು: ಮೆಮೊರಿ ಕಾರ್ಡಿಗೆ, ಪೆನ್‌ಡ್ರೈವಿಗೆ ಹಾಡು ಮತ್ತು ಸಿನಿಮಾ ತುಂಬಿಸಿ ಕೊಡುವ ಕೆಲಸ ಇದ್ದರೆ ನಿಲ್ಲಿಸಿ. ಅಲ್ಲಿ ‘ಗೊತ್ತಿರಲಿಲ್ಲ’ ಎಂಬ ಮಾತಿಗೆ ಜಾಗವೇ ಇಲ್ಲ, ನಕಲು ಮಾಡುವವರು ನೀವೇ. ಚಿತ್ರಮಂದಿರದಲ್ಲಿ ಕ್ಯಾಮೆರಾ ಹಿಡಿದು ತೆಗೆದ ಪ್ರತಿಗಾದರೆ 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಕನಿಷ್ಠ 3 ತಿಂಗಳು ಜೈಲು, ಕನಿಷ್ಠ 3 ಲಕ್ಷ ದಂಡ. ದಂಡ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೂ ಹೋಗಬಹುದು. ತುಳು ಚಿತ್ರವೊಂದಕ್ಕೆ ಸಿಗುವ ಚಿತ್ರಮಂದಿರಗಳೇ ಬೆರಳೆಣಿಕೆಯಷ್ಟು. ಮೊದಲ ವಾರದಲ್ಲೇ ಪ್ರತಿ ಹೊರಬಿದ್ದರೆ ಅದರ ನಿರ್ಮಾಪಕರಿಗೆ ಹಾಕಿದ ದುಡ್ಡು ಬೇರೆಲ್ಲಿಂದಲೂ ಬರುವುದಿಲ್ಲ. ಇದನ್ನೇ ದಂಧೆ ಮಾಡಿಕೊಂಡವರನ್ನು ಕರ್ನಾಟಕದ 1985ರ ಗೂಂಡಾ ಕಾಯ್ದೆಯಡಿ 12 ತಿಂಗಳವರೆಗೆ ಮುನ್ನೆಚ್ಚರಿಕೆಯಾಗಿ ಬಂಧನದಲ್ಲಿಡಲೂ ಅವಕಾಶವಿದೆ. ನಿಮ್ಮ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇದ್ದರೆ ಅದನ್ನೂ ತೆಗೆಸಿ. ಗೊತ್ತಿದ್ದೂ ಬಳಸಿದರೆ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಅಡಿ 7 ದಿನದಿಂದ 3 ವರ್ಷದವರೆಗೆ ಜೈಲು. ಒಂದು ಅಂಗಡಿಯ ಲೆಕ್ಕಕ್ಕೆ ಸಾಕಾಗುವ ಉಚಿತ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಈಗ ಬೇಕಾದಷ್ಟಿವೆ, ಬದಲಾಯಿಸಲು ಒಂದು ಭಾನುವಾರ ಸಾಕು.